ಚಾರ್ಟಲ್ಲಿ 80, ನನ್ನ ಮೀಟರಲ್ಲಿ 98

ತಾತನ ಕಾಲದ ವಾಲ್ವ್ (ಗಾಜಿನ ಟ್ಯೂಬ್) ರೇಡಿಯೋ ಅಟ್ಟದಿಂದ ಇಳಿಸಿ, ಫಿಲ್ಟರ್ ಕಂಡೆನ್ಸರ್ ಹೊಸದು ಹಾಕಿದೆ. ಹಾಡೇನೋ ಬಂತು. ಆದರೆ ಅರ್ಧ ಗಂಟೆಗೆ ಟ್ರಾನ್ಸ್‌ಫಾರ್ಮರ್ ಮುಟ್ಟಕ್ಕಾಗದಷ್ಟು ಬಿಸಿ.

ಮೀಟರ್ ತಗೊಂಡು ಕೂತೆ. ಎಡಗೈ ಜೇಬಲ್ಲಿ, ಯಾಕಂದ್ರೆ ಇದರೊಳಗೆ 250 ವೋಲ್ಟ್ ಡಿಸಿ ಓಡಾಡುತ್ತೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಲ್ಲಿ ಉಳಿದಿರಬಹುದು. ವಾಲ್ವ್ ಒಳಗೆ ಕಾಯೋ ತಂತಿ, ಅಂದ್ರೆ ಹೀಟರಿಗೆ 6.3 ವೋಲ್ಟ್ ಇರಬೇಕಿತ್ತು, 6.9 ತೋರಿಸಿತು. ಎಚ್‌ಟಿ, ಅಂದ್ರೆ ವಾಲ್ವುಗಳಿಗೆ ಹೋಗೋ ಆ ಹೈ ವೋಲ್ಟೇಜ್, 250ರ ಬದಲು 278. ಎಲ್ಲಾ ಸುಮಾರು ಹತ್ತು ಪರ್ಸೆಂಟ್ ಜಾಸ್ತಿ. ಎಲ್ಲಾ ಒಂದೇ ಲೆಕ್ಕದಲ್ಲಿ ಏರಿದೆ ಅಂದ್ರೆ ತಪ್ಪು ವಾಲ್ವಲ್ಲಿಲ್ಲ, ಗೋಡೆಯಲ್ಲಿದೆ ಅಲ್ವಾ? ಪ್ಲಗ್ಗಲ್ಲಿ ಅಳೆದರೆ 243. ರೇಡಿಯೋ ಹಿಂದಿನ ವೋಲ್ಟೇಜ್ ಸೆಲೆಕ್ಟರ್ ನೋಡಿದರೆ 220ರಲ್ಲೇ ಕೂತಿದೆ, ತಾತ ಬಿಟ್ಟಲ್ಲೇ. 240ಕ್ಕೆ ತಿರುಗಿಸಿದೆ. ಹೀಟರ್ 6.4, ಎಚ್‌ಟಿ 254. ಟ್ರಾನ್ಸ್‌ಫಾರ್ಮರೂ ಬೆಚ್ಚಗಷ್ಟೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ರೇಡಿಯೋದಲ್ಲಿ ಎಲ್ಲೆಲ್ಲಿ ಎಷ್ಟು ವೋಲ್ಟ್ ಇರಬೇಕು ಅಂತ ಹೇಳೋ ಚಾರ್ಟಿನ ಪ್ರಕಾರ ಮೊದಲ ಆಡಿಯೋ ವಾಲ್ವಿನ ಪ್ಲೇಟಲ್ಲಿ (ಸಿಗ್ನಲ್ ಹೊರಬರೋ ತುದಿ) 80 ವೋಲ್ಟ್, ನನಗೆ ಸಿಕ್ಕಿದ್ದು 98. ಇದೊಂದು ಮಾತ್ರ ಬಗ್ಗಲಿಲ್ಲ. ಪ್ಲೇಟ್ ರೆಸಿಸ್ಟರ್ ಬದಲಿಸಿದೆ, ಕಪ್ಲಿಂಗ್ ಕಂಡೆನ್ಸರ್ ಬದಲಿಸಿದೆ, ವಾಲ್ವೂ ಬದಲಿಸಿದೆ. ಇಡೀ ಭಾನುವಾರ ಹೋಯ್ತು, ಊಟ ಆರಿ ತಣ್ಣಗಾಯ್ತು, 98 ಅಲ್ಲೇ ಇತ್ತು.

ಮರುದಿನ ನಮ್ಮೂರಿನ ಹಳೇ ಮೆಕ್ಯಾನಿಕ್ ಹತ್ರ ಹೋದೆ. ಅವರು ರೇಡಿಯೋ ನೋಡಲೇ ಇಲ್ಲ. "ಚಾರ್ಟ್ ಬರೆದೋರ ಮೀಟರ್ ಯಾವ್ದು ಅಂತ ನೋಡಿದ್ಯೇನಪ್ಪಾ?" ಅಂದರು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ವೋಲ್ಟಿಗೆ 1000 ಓಮ್ ಮೀಟರ್. ಅಂಥ ಮುಳ್ಳಿನ ಮೀಟರನ್ನ 250 ವೋಲ್ಟ್ ರೇಂಜಲ್ಲಿಟ್ಟರೆ ಅದೇ ಎರಡೂವರೆ ಲಕ್ಷ ಓಮಿನ ರೆಸಿಸ್ಟರ್ ಇದ್ದ ಹಾಗೆ. ಪ್ಲೇಟಿಗೆ ಕರೆಂಟ್ ಬರೋದೇ 2,20,000 ಓಮ್ ದಾಟಿ, ಹಾಗಾಗಿ ಮೀಟರ್ ತಾಗಿಸಿದ ಕೂಡಲೇ ವೋಲ್ಟೇಜ್ ಕುಸಿಯುತ್ತೆ. ನನ್ನ ಡಿಜಿಟಲ್ ಮೀಟರ್ ಒಂದು ಕೋಟಿ ಓಮಿಂದು, ಅದು ಹೆಚ್ಚೇನೂ ಎಳೆಯಲ್ಲ. ಎಚ್‌ಟಿಯಲ್ಲಿ ಎರಡೂ ಮೀಟರ್ ಒಂದೇ ಹೇಳೋದು ಅದಕ್ಕೇ, ಅಲ್ಲಿ ಕರೆಂಟ್ ಧಾರಾಳ.

ಅವರ ಹಳೇ ಮೀಟರ್ ಇಸ್ಕೊಂಡು ಬಂದು ತಾಗಿಸಿದೆ. ಮುಳ್ಳು ಮೆಲ್ಲಗೆ ಎದ್ದು 80 ದಾಟಿ, 83ರ ಹತ್ರ ನಿಂತಿತು. ಬಿಚ್ಚಿಟ್ಟಿದ್ದ ಹಳೇ ರೆಸಿಸ್ಟರ್ ಮೇಜಿನ ಮೇಲೇ ಬಿದ್ದಿತ್ತು, ಸುಮ್ನೆ ಅದನ್ನೂ ಅಳೆದೆ. ಸರಿಯಾಗೇ ಇತ್ತು.