ಗಾರ್ಜ್‌ನ ರಾಕ್ ಕಾನ್ಸರ್ಟ್‌ಗೆ ಹೋಗುವವರೇ, ಬಸ್ಸು ಮಾತ್ರ ಹಿಡಿಯಬೇಡಿ

ವಾಷಿಂಗ್ಟನ್ ರಾಜ್ಯದ ಗಾರ್ಜ್ ಆಂಫಿಥಿಯೇಟರ್ ಅನ್ನುವ ಬಯಲು ಸಂಗೀತ ರಂಗಕ್ಕೆ ಈ ಬೇಸಿಗೆಯಲ್ಲಿ ಹೋಗಬೇಕು ಅಂತಿದ್ದೀರಾ? ಟಿಕೆಟ್ ಕೊಳ್ಳುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹಾಡು ಮುಗಿದ ಮೇಲೆ ಎಲ್ಲಿ ಮಲಗುತ್ತೀರಿ? ಸಿಯಾಟಲ್ ಅಲ್ಲಿಂದ ಸುಮಾರು 150 ಮೈಲಿ. ಸುತ್ತಮುತ್ತ ಇರುವುದು ಒಣ ಗುಡ್ಡ, ಸೇಜ್ ಪೊದೆ, ಸೇಬಿನ ತೋಟ. ಅಂಥ ಜಾಗಕ್ಕೆ ಇಪ್ಪತ್ತೈದು ಸಾವಿರಕ್ಕೂ ಜಾಸ್ತಿ ಜನ ಬರುತ್ತಾರೆ, ಎಲ್ಲರೂ ಒಟ್ಟಿಗೇ ಹೊರಗೆ ಬರುತ್ತಾರೆ. ಯಾವ ಬ್ಯಾಂಡ್ ಬಂದಿತ್ತು, ಹೇಗೆ ಬಾರಿಸಿದರು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹೋಗುವುದು, ಉಣ್ಣುವುದು, ಮಲಗುವುದು, ಇಷ್ಟು ಹೇಳುತ್ತೇನೆ.

ಮೊದಲು ಬಸ್ಸಿನ ಕಥೆ. ದಾವಣಗೆರೆಯಿಂದ ಭಾವಮೈದ ಬಂದಿದ್ದ. ಕಾಲೇಜಿನಿಂದಲೂ ಅವನಿಗೆ ಸಿಯಾಟಲ್ ಬ್ಯಾಂಡ್‌ಗಳ ಹುಚ್ಚು. ಪರ್ಲ್ ಜಾಮ್‌ನವರು 2005ರಲ್ಲಿ ಮತ್ತು 2006ರಲ್ಲಿ ಗಾರ್ಜ್‌ನಲ್ಲಿ ಹಾಡಿದ್ದೆಲ್ಲ ಆಮೇಲೆ ಆಲ್ಬಮ್ ಆಗಿ ಬಂತಲ್ಲ, ಅದನ್ನು ಕೇಳಿ ಕೇಳಿ ಜಾಗದ ಹೆಸರು ಅವನಿಗೆ ಬಾಯಿಪಾಠ ಆಗಿತ್ತು. ಇಲ್ಲಿಯವರೆಗೆ ಬಂದು ಅಲ್ಲಿಗೆ ಹೋಗದೆ ಇರುವುದು ಹೇಗೆ ಅಂತ ಅವನ ವಾದ. ರಾತ್ರಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುವುದು ಬೇಡ ಅಂತ ಮನೆಯವಳ ಅಪ್ಪಣೆ. ಸಿಯಾಟಲ್ ಪಕ್ಕದ ಬೆಲ್‌ವ್ಯೂ ಕಡೆಯಿಂದ ಕಾನ್ಸರ್ಟ್ ದಿನ ಬಸ್ಸು ಬಿಡುವವರು ಒಬ್ಬರು ಸಿಕ್ಕರು. ತಲೆಗೆ ನೂರು ಡಾಲರ್ ಹತ್ತಿರ. ವೆಬ್‌ಸೈಟಿನಲ್ಲಿ ಹಾಕಿದ್ದ ಚಿತ್ರದಲ್ಲಿ ಎತ್ತರದ ಕಪ್ಪು ಕೋಚ್, ಹಿಂದಕ್ಕೆ ಒರಗುವ ಸೀಟು, ಎಸಿ, ಶೌಚಾಲಯ ಎಲ್ಲಾ ಇತ್ತು.

ಬಂದದ್ದು ಹಳದಿ ಸ್ಕೂಲ್ ಬಸ್ಸು.

ತಮಾಷೆ ಅಲ್ಲ. ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುವ ಬಸ್ಸೇ. ಎಸಿ ಇಲ್ಲ, ಶೌಚಾಲಯ ಇಲ್ಲ, ಕಿಟಕಿ ಅರ್ಧ ಮಾತ್ರ ಇಳಿಯುತ್ತದೆ. ಹತ್ತು ವರ್ಷದ ಮಕ್ಕಳ ಕಾಲಿಗೆ ಅಳತೆ ಮಾಡಿದ ಸೀಟು, ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತದೆ. ಸ್ನೋಕ್ವಾಲ್ಮಿ ಪಾಸ್ ಅನ್ನುವ ಬೆಟ್ಟದ ಕಣಿವೆದಾರಿ ದಾಟುವ ತನಕ ತಂಪಿತ್ತು, ಸಹಿಸಿಕೊಂಡೆವು. ಎಲ್ಲೆನ್ಸ್‌ಬರ್ಗ್ ದಾಟಿದ ಮೇಲೆ ಕಿಟಕಿಯಿಂದ ಬಂದದ್ದು ಬಿಸಿ ಗಾಳಿ. ಮುಂದೆ ಕೂತ ಹುಡುಗರು ಕಂಪನಿಗೆ ಫೋನ್ ಮಾಡಿದರು. 'ವಾಹನ ಬದಲಾಗಬಹುದು' ಅಂತ ನಿಯಮದಲ್ಲಿ ಬರೆದಿದೆ ಅಂದರಂತೆ. ಬರೆದಿತ್ತು ನಿಜ, ಪುಟದ ತಳದಲ್ಲಿ.

ಹೋಗುವುದು ಹೇಗೋ ಆಯಿತು. ಬರುವಾಗಿನದು ಕೇಳಿ. ಕಾರ್ಯಕ್ರಮ ಮುಗಿದ ಮುಕ್ಕಾಲು ಗಂಟೆಗೆ ಬಸ್ಸು ಹೊರಡುತ್ತದೆ ಅಂದಿದ್ದರು. ಸಾವಿರಾರು ಕಾರುಗಳ ಮಧ್ಯೆ ನಮ್ಮ ಬಸ್ಸು ಹುಡುಕುವುದಕ್ಕೇ ಅಷ್ಟು ಹೊತ್ತು ಹಿಡಿಯಿತು. ಕತ್ತಲಲ್ಲಿ ಎಲ್ಲಾ ಹಳದಿ ಬಸ್ಸೂ ಒಂದೇ ಅಲ್ವಾ? ಇಬ್ಬರು ಪ್ರಯಾಣಿಕರು ನಾಪತ್ತೆ, ಅವರಿಗಾಗಿ ಕಾದೆವು. ಆಮೇಲೆ ಹೆದ್ದಾರಿಗೆ ಹೋಗುವ ದಾರಿಯಲ್ಲಿ ಸಾಲು. ಪಾರ್ಕಿಂಗ್ ಬಿಡುವಾಗಲೇ ಒಂದೂವರೆ ಗಂಟೆ ರಾತ್ರಿ. ಬೆಲ್‌ವ್ಯೂಗೆ ಬಂದಾಗ ಬೆಳಗಿನ ಜಾವ. ಅದೂ ಹತ್ತಿಸಿಕೊಂಡ ಜಾಗದಲ್ಲಿ ಅಲ್ಲ, ಇನ್ನೊಂದು ಪಾರ್ಕಿಂಗ್‌ನಲ್ಲಿ ಇಳಿಸಿದರು. ದೂರು ಕೊಟ್ಟಿದ್ದಕ್ಕೆ ಕಂಪನಿ ಏನು ಮಾಡಿತು ಗೊತ್ತಾ? ಮುಂದಿನ ಪ್ರಯಾಣಕ್ಕೆ ಹದಿನೈದು ಪರ್ಸೆಂಟ್ ರಿಯಾಯಿತಿಯ ಕೂಪನ್ ಕಳಿಸಿತು.

ಬಸ್ಸೇ ಗತಿ ಅನ್ನುವವರು ಬುಕ್ ಮಾಡುವ ಮೊದಲು ಇಮೇಲ್ ಬರೆದು ಕೇಳಿ: ಕೋಚ್ ಬಸ್ಸಾ, ಸ್ಕೂಲ್ ಬಸ್ಸಾ? ಉತ್ತರ ಬರಹದಲ್ಲಿ ಬರಲಿ. ಬರದಿದ್ದರೆ ಸ್ಕೂಲ್ ಬಸ್ಸು ಅಂತಲೇ ತಿಳಿಯಿರಿ.

ಬಸ್ಸಿನ ಪಾಠ ಕಲಿತ ಮೇಲೆ ಇನ್ನೊಂದು ಸಲ ಭಾವಮೈದನ ಜೊತೆ ಕಾರಿನಲ್ಲೇ ಹೋದೆ. ಸ್ವಂತ ಕಾರಿನಲ್ಲಿ ಹೋದರೆ ದಾರಿಯೇ ಅರ್ಧ ಸುಖ. ಐ-90 ಹೆದ್ದಾರಿ ಹಿಡಿದರೆ ಬೇರೆ ರಸ್ತೆಗೆ ತಿರುಗುವುದೇ ಬೇಡ, ಪೂರ್ವಕ್ಕೆ ಹೋಗುತ್ತಿರಿ. ಟ್ರಾಫಿಕ್ ಇಲ್ಲದಿದ್ದರೆ ಎರಡೂವರೆ ಗಂಟೆ. ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಹೊರಟರೆ ನಾಲ್ಕು ಅಂದುಕೊಳ್ಳಿ. 3,022 ಅಡಿ ಎತ್ತರದ ಸ್ನೋಕ್ವಾಲ್ಮಿ ಪಾಸ್ ಇಳಿಯುತ್ತಿದ್ದಂತೆ ಕಾಡು ತೆಳುವಾಗುತ್ತಾ ಹೋಗಿ ಕೊನೆಗೆ ಮರವೇ ಇಲ್ಲದ ಬೋಳು ನಾಡು. ಸಮುದ್ರದಿಂದ ಬರುವ ಮಳೆಯನ್ನೆಲ್ಲ ಕ್ಯಾಸ್ಕೇಡ್ ಬೆಟ್ಟಸಾಲು ಪಶ್ಚಿಮಕ್ಕೇ ಇಳಿಸಿಬಿಡುತ್ತದೆ, ಈ ಕಡೆಗೆ ಉಳಿಯುವುದು ವರ್ಷಕ್ಕೆ 200 ಮಿ.ಮೀ. ಆಸುಪಾಸು. ವಾಂಟೇಜ್ ಹತ್ತಿರ ಕೊಲಂಬಿಯಾ ನದಿ ದಾಟುತ್ತೀರಿ. ದಾಟಿದ ಮೇಲೆ ಎಕ್ಸಿಟ್ 139ರಲ್ಲಿ ನದಿ ನೋಡುವುದಕ್ಕೆ ಒಂದು ಜಾಗ ಇದೆ, ಮೇಲೆ ಗುಡ್ಡದ ನೆತ್ತಿಯಲ್ಲಿ ಓಡುತ್ತಿರುವ ಉಕ್ಕಿನ ಕುದುರೆಗಳ ಸಾಲು. ಹತ್ತು ನಿಮಿಷ ನಿಲ್ಲಿಸಿ. ಗಾರ್ಜ್‌ಗೆ ಇಳಿಯಬೇಕಾದ್ದು ಎಕ್ಸಿಟ್ 143, ಸಿಲಿಕಾ ರೋಡ್. ಪೆಟ್ರೋಲನ್ನು ಎಲ್ಲೆನ್ಸ್‌ಬರ್ಗ್‌ನಲ್ಲೇ ತುಂಬಿಸಿಕೊಳ್ಳಿ.

ಸೆಕೆ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಸಿಯಾಟಲ್ ಅಂದರೆ ಜಿಟಿಜಿಟಿ ಮಳೆ, ಜಾಕೆಟ್ ಅಂತ ತಲೆಯಲ್ಲಿ ಇಟ್ಟುಕೊಂಡು ಬಂದ ಭಾವಮೈದ ಕೆಳಗಿಳಿದವನೇ, "ಭಾವ, ಇದು ನಮ್ಮೂರಿನ ಏಪ್ರಿಲ್ ಅಲ್ವಾ?" ಅಂದ. ಜುಲೈನಲ್ಲಿ 38 ಡಿಗ್ರಿ ಅಲ್ಲಿ ದೊಡ್ಡ ಸುದ್ದಿಯಲ್ಲ. ನನಗೆ ಸೆಕೆ ಒಂದು ಲೆಕ್ಕವಲ್ಲ, ಆರಾಮಾಗಿ ಕೂತೆ. ಆದರೆ ಪಕ್ಕದಲ್ಲಿ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ತಲೆಸುತ್ತಿ ಕೂತುಬಿಟ್ಟಳು. ನೆರಳು ಇಲ್ಲವೇ ಇಲ್ಲ ಅನ್ನಬಹುದು. ಇನ್ನೊಂದು, ವೇದಿಕೆಯ ಹಿಂದೆ ಪಶ್ಚಿಮ. ಅಂದರೆ ಸಂಜೆ ಪೂರ್ತಿ ಸೂರ್ಯ ನೇರ ನಿಮ್ಮ ಕಣ್ಣಿಗೆ. ಜುಲೈನಲ್ಲಿ ಮುಳುಗುವುದು ಒಂಬತ್ತರ ಹತ್ತಿರ. ಟೋಪಿ, ಕಪ್ಪು ಕನ್ನಡಕ ಎರಡೂ ಬೇಕು. ಮುಳುಗಿದ ಒಂದು ಗಂಟೆಗೆ ಗಾಳಿ ಎದ್ದು ಮೈ ನಡುಗಿಸುತ್ತದೆ, ಅದಕ್ಕೆ ಸ್ವೆಟರ್ ಬೇಕು. ಒಂದೇ ಚೀಲದಲ್ಲಿ ಎರಡು ಋತು ಹೊರಬೇಕು, ಅದೂ ಪಾರದರ್ಶಕ ಚೀಲ. ಚೀಲ, ಕುರ್ಚಿ, ನೀರಿನ ನಿಯಮ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬದಲಾಗುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಸೀಲ್ ಒಡೆಯದ ನೀರಿನ ಬಾಟಲಿಯನ್ನು ನಮಗೆ ಬಿಟ್ಟರು.

ಟಿಕೆಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮುಂದಿನ ಸೀಟಿಗೆ ದುಡ್ಡು ಸುರಿಯಬೇಡಿ. ಹಿಂದಿನ ಹುಲ್ಲಿನ ಇಳಿಜಾರಿನ ಟಿಕೆಟ್ ತೆಗೆದುಕೊಳ್ಳಿ, ಅದರಲ್ಲೂ ತೀರಾ ಮೇಲೆ ಕೂರಿ. ಅಲ್ಲಿಂದ ವೇದಿಕೆಯ ಹಿಂದೆ ಕೊಲಂಬಿಯಾ ಕಣಿವೆ ಪೂರ್ತಿ ಕಾಣುತ್ತದೆ. ಅಂಚುಗಳೆಲ್ಲ ಬಸಾಲ್ಟ್, ನಮ್ಮ ವಿಜಯಪುರ ಕಡೆಯ ಕಪ್ಪು ಕಲ್ಲಿನ ಜಾತಿಯೇ, ಲಾವಾ ಹರಿದು ಗಟ್ಟಿಯಾದದ್ದು. ಹಿಮಯುಗದ ಕೊನೆಯಲ್ಲಿ ಮೊಂಟಾನಾ ಕಡೆ ಹಿಮದ ಅಣೆಕಟ್ಟು ಮತ್ತೆ ಮತ್ತೆ ಒಡೆದು ನುಗ್ಗಿದ ನೀರು ಈ ನಾಡನ್ನೇ ಕೆತ್ತಿ ಹಾಕಿದೆ. ಮೊದಲು ಇಲ್ಲಿ ಇದ್ದದ್ದು ಒಂದು ವೈನರಿ, 1980ರ ದಶಕದಲ್ಲಿ ಅವರೇ ಸಂಗೀತ ಶುರು ಮಾಡಿದ್ದು. ಮುಂದಿನ ಸಾಲಿನವರಿಗೆ ಗಾಯಕನ ಬೆವರು ಕಾಣುತ್ತದೆ, ಕಣಿವೆ ಕಾಣುವುದಿಲ್ಲ. ಜನರ ನೂಕುನುಗ್ಗಲು ನನಗೆ ಆಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಈ ಮಾತು ಕೇಳಿ. ಭಾವಮೈದನನ್ನು ಕೇಳಿದರೆ ಮುಂದೆ ನಿಂತೇ ನೋಡಬೇಕು ಅನ್ನುತ್ತಾನೆ.

ಊರಿನಿಂದ ಬಂದವರನ್ನು ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಬಿಯರ್ ಕುಡಿಯುವ ಆಸೆ ಇದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ, ಭಾರತದ ಡ್ರೈವಿಂಗ್ ಲೈಸೆನ್ಸ್ ನಂಬಿಕೊಂಡು ಹೋಗಬೇಡಿ. ಎರಡನೆಯದು ಗಾಂಜಾ. ಈ ರಾಜ್ಯದಲ್ಲಿ 2012ರ ಮತದಾನದಿಂದ ಅದು ಕಾನೂನುಬದ್ಧ, ಹುಲ್ಲಿನ ಮೇಲೆ ವಾಸನೆ ಬಿಟ್ಟೂಬಿಡದೆ ಬರುತ್ತದೆ, ಯಾರಾದರೂ ನಗುತ್ತಾ ನೀಡಲೂಬಹುದು. ಆದರೆ ವೀಸಾ ನೋಡಿಕೊಳ್ಳುವುದು ಅಮೆರಿಕದ ಕೇಂದ್ರ ಸರ್ಕಾರ, ಅವರ ಕಾನೂನಿನಲ್ಲಿ ಅದು ಇನ್ನೂ ಅಪರಾಧವೇ. ವೀಸಾದಲ್ಲಿ ಇರುವವರು ಮುಟ್ಟಲೇಬಾರದು.

ಈಗ ಊಟ. ಒಳಗಿನ ಊಟದ ಬೆಲೆ ನಿಮಗೆ ಗೊತ್ತಿರುವಂಥದ್ದೇ, ಬಿಡಿ. ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗಿ, ಅದಕ್ಕೆ ಕ್ವಿನ್ಸಿ ಊರಿಗೆ ಹೋಗಿ. ಸುಮಾರು ಹದಿನೈದು ಮೈಲಿ. ರೆಡ್ಮಂಡ್‌ನಲ್ಲಿ ಕೂತು ನಮ್ಮವರು ಅರ್ಧ ಜನ ಕೆಲಸ ಮಾಡುವ ಮೈಕ್ರೋಸಾಫ್ಟ್‌ನ ಕ್ಲೌಡ್ ಇದೆಯಲ್ಲ, ಅದರ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಇರುವ ಊರು. ನದಿಯ ಅಣೆಕಟ್ಟುಗಳಿಂದ ಕರೆಂಟು ಅಗ್ಗ, ಅದಕ್ಕೆ ಅಲ್ಲಿ ಕಟ್ಟಿದ್ದಾರೆ. ಆದರೆ ಊರಿನ ಜೀವ ಇರುವುದು ಸೇಬು, ಚೆರ್ರಿ, ಆಲೂಗಡ್ಡೆಯಲ್ಲಿ, ಅದನ್ನು ಬೆಳೆಯುವ ಮೆಕ್ಸಿಕನ್ ಕುಟುಂಬಗಳಲ್ಲಿ. ಹಾಗಾಗಿ ಟಾಕೋ ಅನ್ನುವ ಮಡಚಿದ ರೊಟ್ಟಿ ಮಾರುವ ರಸ್ತೆ ಬದಿಯ ಟ್ರಕ್‌ಗಳು ಪ್ರವಾಸಿಗರಿಗೆ ಅಂತ ಮಾಡಿದವಲ್ಲ, ತೋಟದಿಂದ ಬಂದವರಿಗೆ ಅಂತ ಮಾಡಿದವು.

ನಾವು ನಿಂತ ಟ್ರಕ್‌ಗೆ ಬಣ್ಣ ಹೋದ ಬಿಳಿ ಮೈ, ಪಕ್ಕದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಟಾಕೋ ಒಂದಕ್ಕೆ ಮೂರು ಡಾಲರ್ ಒಳಗೆ. ಕಾರ್ಡ್ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ. ನಮ್ಮ ಭಾವಮೈದ ಮೊಟ್ಟೆ ಸಹ ಮುಟ್ಟದವನು, ಇಲ್ಲಿ ಉಪವಾಸವೇ ಗತಿ ಅಂದುಕೊಂಡಿದ್ದ. ಸಸ್ಯಾಹಾರಿಗಳು ಕೇಳಬೇಕಾದ್ದು ಎರಡು. ಬೀನ್ಸ್ ಕಾಳಿಗೆ 'ಮಾಂತೆಕಾ' ಹಾಕಿದೆಯಾ? ಅದು ಹಂದಿ ಕೊಬ್ಬು. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿದೆಯಾ? ಬಹಳ ಕಡೆ ಹೌದು ಅನ್ನುತ್ತಾರೆ. ಈ ಟ್ರಕ್ಕಿನ ಅಮ್ಮ ಅನ್ನ ಬೇಡ ಅಂತ ತಲೆ ಆಡಿಸಿ, ಕುಕ್ಕರಿನಿಂದ ಬರೀ ಉಪ್ಪು ಈರುಳ್ಳಿ ಹಾಕಿ ಬೇಯಿಸಿದ ಬೀನ್ಸ್ ತೋರಿಸಿದರು. ಆಮೇಲೆ 'ನೋಪಾಲೆಸ್' ಅಂದರು. ಪಾಪಾಸುಕಳ್ಳಿ! ನಮ್ಮ ಕಡೆ ಬೇಲಿಗೆ ನೆಡುತ್ತಾರಲ್ಲ, ಆ ಜಾತಿಯ ಎಳೆಯ ಪಟ್ಟೆ. ಮುಳ್ಳು ತೆಗೆದು, ಸಣ್ಣಗೆ ಹೆಚ್ಚಿ, ಈರುಳ್ಳಿ ಮೆಣಸಿನಕಾಯಿ ಜೊತೆ ಕಾವಲಿಯಲ್ಲಿ ಹುರಿದಿದ್ದು. ಸ್ವಲ್ಪ ಹುಳಿ, ಸ್ವಲ್ಪ ಲೋಳೆ. ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿ ಎರಡು ಪದರ, ಮೇಲೆ ಕೊತ್ತಂಬರಿ, ನಿಂಬೆ, ಪಕ್ಕದಲ್ಲಿ ಮೂಲಂಗಿ. ಸುಟ್ಟ ಕೆಂಪು ಮೆಣಸಿನಕಾಯಿಯ ಸಾಲ್ಸಾಕ್ಕೆ ನಿಜವಾದ ಖಾರ ಇತ್ತು, ಅಮೆರಿಕದ ಖಾರ ಅಲ್ಲ. ಕುಡಿಯಲು ದೊಡ್ಡ ಗಾಜಿನ ಜಾಡಿಗಳಲ್ಲಿ ಹುಣಸೆಹಣ್ಣಿನ ಶರಬತ್ತು, ಜೊತೆಗೆ 'ಹಮೈಕಾ' ಅಂತ ಕಡುಗೆಂಪಿನ ಇನ್ನೊಂದು. ಈ ಹಮೈಕಾ ನಮ್ಮ ಪುಂಡಿ ಜಾತಿಯ ಗಿಡದ ಹೂವಿನದು. ಹುಡುಗ ಟಾಕೋ ಮೇಲೆ ಟಾಕೋ ತಿಂದು, ಇನ್ನೆರಡು ಕಟ್ಟಿಸಿಕೊಂಡ. "ಕಾನ್ಸರ್ಟ್ ಬಿಟ್ಟು ಇಲ್ಲೇ ಇರೋಣ್ವಾ ಭಾವ?" ಅಂದ, ಅರ್ಧ ನಿಜವಾಗಿಯೇ. ಮಧ್ಯಾಹ್ನ ಎರಡರ ಒಳಗೆ ಹೋಗಿ, ಆಮೇಲೆ ಟಿ-ಶರ್ಟ್ ಹಾಕಿಕೊಂಡ ಅಭಿಮಾನಿಗಳ ಸಾಲು ಬೆಳೆಯುತ್ತದೆ.

ಮಲಗುವ ವಿಷಯ. ರೂಮು ಸಿಗುವುದು ಕ್ವಿನ್ಸಿ, ಮೋಸೆಸ್ ಲೇಕ್, ಎಲ್ಲೆನ್ಸ್‌ಬರ್ಗ್‌ಗಳಲ್ಲಿ. ಕಾನ್ಸರ್ಟ್ ಇಲ್ಲದ ದಿನ ಎಂಬತ್ತು ತೊಂಬತ್ತು ಡಾಲರ್ ಇರುವ ರೂಮು ಆ ರಾತ್ರಿ ಮುನ್ನೂರು. ನಾನು ಬಹಳ ಮುಂಚೆಯೇ ಒಂದು ಮೋಟೆಲ್ ಕಾದಿರಿಸಿದ್ದೆ, ಒಳ್ಳೆಯ ಬೆಲೆಗೆ. ಕಾರ್ಯಕ್ರಮ ಹತ್ತಿರ ಬಂದಾಗ 'ಸಿಸ್ಟಮ್ ತೊಂದರೆ, ನಿಮ್ಮ ಬುಕಿಂಗ್ ರದ್ದಾಗಿದೆ' ಅಂತ ಸಂದೇಶ. ಅದೇ ದಿನ, ಅದೇ ಮೋಟೆಲ್‌ನ ಅದೇ ತರದ ರೂಮು ಮೂರು ಪಟ್ಟು ಬೆಲೆಗೆ ಮಾರಾಟಕ್ಕಿತ್ತು. ಫೋನ್ ಮಾಡಿದರೆ ಮ್ಯಾನೇಜರ್ ಇಲ್ಲ. ಬೇರೆ ದಾರಿ ಇಲ್ಲದೆ ಇನ್ನೊಂದು ಕಡೆ ಹಿಡಿದ ರೂಮಿನಲ್ಲಿ ಎಸಿ ಇತ್ತು, ಸದ್ದು ಮಾತ್ರ ಬರುತ್ತಿತ್ತು. ಬುಕ್ ಮಾಡಿದ ಮೇಲೆ ಮೋಟೆಲ್‌ಗೇ ಫೋನ್ ಮಾಡಿ ಹೆಸರು, ಬೆಲೆ ಖಾತ್ರಿ ಮಾಡಿಕೊಂಡು, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಎರಡನೇ ಜಾಗವೊಂದನ್ನು ರದ್ದು ಮಾಡಬಹುದಾದ ಬೆಲೆಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಥವಾ ಟೆಂಟು. ಪಕ್ಕದ ಬಯಲಲ್ಲೇ ಕ್ಯಾಂಪಿಂಗ್ ಇದೆ, ಅದರ ಪಾಸ್ ಬೇರೆ ಕೊಳ್ಳಬೇಕು. ರಾತ್ರಿಯಿಡೀ ಯಾರೋ ಗಿಟಾರ್ ಕೆರೆಯುತ್ತಿರುತ್ತಾರೆ, ಕುಡಿದವರ ಕೂಗಾಟ, ಬೆಳಗ್ಗೆ ಏಳಕ್ಕೆಲ್ಲ ಟೆಂಟಿನೊಳಗೆ ಬೆಂದು ಏಳುತ್ತೀರಿ. ಪ್ಲಾಸ್ಟಿಕ್ ಶೌಚಾಲಯಗಳ ಬಗ್ಗೆ ಬೆಳಗ್ಗೆ ಬೇಗ ಏಳಿ ಅಂತಷ್ಟೇ ಹೇಳುತ್ತೇನೆ. ಚಿಕ್ಕ ಮಕ್ಕಳಿದ್ದರೆ ಬೇಡ. ನನಗೆ ಇದ್ಯಾವುದೂ ಇಷ್ಟವಿಲ್ಲ, ಆದರೂ ಮತ್ತೆ ಹೋದರೆ ಟೆಂಟನ್ನೇ ಆರಿಸುತ್ತೇನೆ. ಹಾಡು ಮುಗಿದ ಮೇಲೆ ನಡೆದು ಹೋಗಿ ಮಲಗಬಹುದು, ಕಾರಿನ ಸಾಲಿನಲ್ಲಿ ಕೂರಬೇಕಿಲ್ಲ. ಕಿವಿಗೆ ಹಾಕುವ ಪ್ಲಗ್ ಹಾಡಿಗೂ ನಿದ್ದೆಗೂ ಎರಡಕ್ಕೂ ಬರುತ್ತದೆ.

ರಾತ್ರಿಯೇ ವಾಪಸ್ ಬರುತ್ತೇವೆ ಅನ್ನುವವರು ಅವಸರ ಮಾಡಬೇಡಿ. ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಗಂಟೆ ಕೂತು, ಕಟ್ಟಿಸಿಕೊಂಡು ಬಂದದ್ದು ತಿಂದು ಹೊರಡಿ. ಕಣ್ಣು ಎಳೆದರೆ ನದಿ ದಾಟಿ ಗುಡ್ಡ ಹತ್ತಿದ ಮೇಲೆ ರೈಗ್ರಾಸ್ ವಿಶ್ರಾಂತಿ ತಾಣ ಇದೆ. ಈ ರಾಜ್ಯದಲ್ಲಿ ಅಂಥ ಕಡೆ ಎಂಟು ಗಂಟೆ ತನಕ ಗಾಡಿ ನಿಲ್ಲಿಸಲು ಬಿಡುತ್ತಾರೆ, ಕಾರಿನಲ್ಲೇ ನಿದ್ದೆ ಮುಗಿಸಬಹುದು. ಫೋನಿನ ನೆಟ್‌ವರ್ಕ್ ಅಷ್ಟು ಜನರ ಮಧ್ಯೆ ಕೈ ಕೊಡುತ್ತದೆ, ಟಿಕೆಟ್ಟು, ನಕ್ಷೆ ಎಲ್ಲಾ ಮನೆಯಲ್ಲೇ ಇಳಿಸಿಕೊಳ್ಳಿ.

ಯಾವ ವಾರ ಅನ್ನುವುದೂ ಮುಖ್ಯ. ಆಗಸ್ಟ್‌ನಲ್ಲಿ ಕಾಳ್ಗಿಚ್ಚಿನ ಹೊಗೆ ಬರುವ ಸಾಧ್ಯತೆ ಜಾಸ್ತಿ, ಹೆದ್ದಾರಿಯೇ ಮುಚ್ಚಬಹುದು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಗೆ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ನವರು ಬಹಳ ವರ್ಷಗಳಿಂದ ಅಲ್ಲಿ ಬೀಡು ಬಿಡುತ್ತಾರೆ, ರೂಮು ಟೆಂಟು ಎರಡಕ್ಕೂ ಆಗ ಪೈಪೋಟಿ. ನನ್ನನ್ನು ಕೇಳಿದರೆ ಜೂನ್ ಕೊನೆ. ಚೆರ್ರಿ ಹಣ್ಣಿನ ಕಾಲ, ರಸ್ತೆ ಬದಿಯಲ್ಲಿ ಪೆಟ್ಟಿಗೆಗಟ್ಟಲೆ ಮಾರುತ್ತಿರುತ್ತಾರೆ. ವಾಪಸ್ ಬರುವಾಗ ಭಾನುವಾರ ಮಧ್ಯಾಹ್ನ ಸ್ನೋಕ್ವಾಲ್ಮಿ ಪಾಸ್ ಕಡೆ ಟ್ರಾಫಿಕ್ ನಿಂತೇಬಿಡುತ್ತದೆ, ಆದ್ದರಿಂದ ಬೆಳಗ್ಗೆ ಹತ್ತರೊಳಗೆ ಹೊರಡಿ, ಇಲ್ಲವೇ ಸಂಜೆ ಏಳರ ಮೇಲೆ.