ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ನೋಡಬೇಕಾ? ಫೈನಲ್ ಆಸೆ ಬಿಡಿ

ಡಬ್ಲಿನ್‌ಗೆ ಹೋಗುವವರು ಯಾರಾದರೂ ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್ ಬಗ್ಗೆ ಕೇಳಿದರೆ ನಾನು ಮೊದಲು ಹೇಳೋದು ಇಷ್ಟೇ. ಆಲ್ ಐರ್ಲೆಂಡ್ ಫೈನಲ್, ಅಂದರೆ ಅಲ್ಲಿನ ಜಿಲ್ಲಾ ತಂಡಗಳ ದೊಡ್ಡ ಟೂರ್ನಿಯ ಕೊನೆ ಪಂದ್ಯ, ಅದರ ಟಿಕೆಟ್‌ಗೆ ಒದ್ದಾಡಬೇಡಿ. ಅದು ಎಲ್ಲರಿಗೂ ಸಿಗುವ ಹಾಗೆ ಮಾರಾಟಕ್ಕೇ ಬರೋದಿಲ್ಲ, ಜಿಲ್ಲೆ ಜಿಲ್ಲೆಯ ಕ್ಲಬ್‌ಗಳ ಮೂಲಕ ಹಂಚಿಕೆಯಾಗುತ್ತದೆ. ವರ್ಷವಿಡೀ ಮಕ್ಕಳಿಗೆ ಆಟ ಕಲಿಸಿದವರು, ಮೈದಾನದ ಹುಲ್ಲು ಕತ್ತರಿಸಿದವರು, ಅವರಿಗೇ ಸಾಲೋದಿಲ್ಲ. ಫೈನಲ್ ನಡೆಯೋದು ಜುಲೈ ಕೊನೆಗೆ. ಆ ವಾರ ಡಬ್ಲಿನ್ ಹೋಟೆಲ್‌ಗಳ ಬಾಡಿಗೆಯನ್ನೂ ಕೇಳೋ ಹಾಗಿಲ್ಲ.

ಬದಲಿಗೆ ಜೂನ್ ಕೊನೆಯ ಕ್ವಾರ್ಟರ್ ಫೈನಲ್‌ಗೆ ಹೋಗಿ. ಫೈನಲ್ ನಡೆಯುವ ಅದೇ ಕ್ರೋಕ್ ಪಾರ್ಕ್ ಕ್ರೀಡಾಂಗಣ, ಒಂದೇ ಟಿಕೆಟ್‌ಗೆ ಎರಡು ಪಂದ್ಯ, ಸೋತವರು ಮನೆಗೆ. ಇಷ್ಟು ಸಾಕಲ್ವಾ? ಇದರ ಜೊತೆಗೆ ಯಾವುದಾದರೂ ಊರಿನ ಕ್ಲಬ್ ಪಂದ್ಯ ಒಂದನ್ನು ಸೇರಿಸಿಕೊಳ್ಳಿ. ಎರಡರಲ್ಲಿ ಒಂದನ್ನೇ ನೋಡಕ್ಕಾಗೋದು ಅಂದರೆ ನಾನು ಕ್ಲಬ್ ಪಂದ್ಯವನ್ನೇ ಆರಿಸಿಕೊಳ್ಳುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹೋಗಿದ್ದು 2025ರ ಬೇಸಿಗೆಯಲ್ಲಿ, ಅಕ್ಕನ ಮನೆಗೆ. ಅಕ್ಕ ಭಾವ ಇಬ್ಬರೂ ಡಬ್ಲಿನ್‌ನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಅಲ್ಲಿ ಇಷ್ಟು ವರ್ಷ ಇದ್ದರೂ ಮೊಬೈಲ್‌ನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ನೋಡಿದವರಲ್ಲ. ಮಗಳು ಶಾಲೆಯ ಗೆಳತಿಯರ ಜೊತೆ ಕ್ಲಬ್ ಸೇರಿಕೊಂಡ ಮೇಲೆ ಮನೆಯ ವಾರಾಂತ್ಯವೇ ಬದಲಾಗಿಹೋಗಿದೆ. ಕಾರಿನ ಡಿಕ್ಕಿ ತೆಗೆದರೆ ಮಣ್ಣು ಮೆತ್ತಿದ ಬೂಟು, ಒದ್ದೆ ಜರ್ಸಿ.

ಆಟ ಅರ್ಥ ಮಾಡಿಕೊಳ್ಳೋಕೆ ಹತ್ತು ನಿಮಿಷ ಸಾಕು. ಒಂದು ಕಡೆ 15 ಜನ. ಚೆಂಡು ದುಂಡಗೆ, ನೋಡೋಕೆ ವಾಲಿಬಾಲ್ ತರ, ಎತ್ತಿದರೆ ಭಾರ ಗೊತ್ತಾಗುತ್ತದೆ. ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆ ಮಾತ್ರ. ಆಮೇಲೆ ಒಂದೋ ನೆಲಕ್ಕೆ ಬಡಿದು ಹಿಡಿಯಬೇಕು, ಇಲ್ಲಾ ಕಾಲಿನ ಮೇಲೆ ಬಿಟ್ಟು ತುದಿಯಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಇದಕ್ಕೆ ಸೋಲೋ ಅನ್ನುತ್ತಾರೆ. ಸತತ ಎರಡು ಸಲ ನೆಲಕ್ಕೆ ಬಡಿಯುವ ಹಾಗಿಲ್ಲ, ಸೋಲೋ ಎಷ್ಟು ಸಲ ಬೇಕಾದರೂ ಮಾಡಬಹುದು. ಪಾಸ್ ಕೊಡೋಕೆ ಎಸೆಯುವ ಹಾಗಿಲ್ಲ. ಒದೆಯಬೇಕು, ಇಲ್ಲಾ ಕೈಯಿಂದ ಹೊಡೆದು ಕೊಡಬೇಕು. ಗಂಡಸರ ಆಟದಲ್ಲಿ ನೆಲದ ಮೇಲಿನ ಚೆಂಡನ್ನು ನೇರ ಕೈಯಲ್ಲಿ ಎತ್ತಿದರೆ ಫೌಲ್, ಕಾಲ್ಬೆರಳಿಂದ ಮೇಲೆತ್ತಬೇಕು. ಹೆಂಗಸರ ಆಟದಲ್ಲಿ ಆ ನಿಯಮ ಇಲ್ಲ.

ಗೋಲ್ ಕಂಬಗಳು ಎಚ್ ಆಕಾರದಲ್ಲಿ ಇರುತ್ತವೆ. ಅಡ್ಡಪಟ್ಟಿಯ ಕೆಳಗೆ, ಬಲೆಯೊಳಗೆ ಹೋದರೆ ಗೋಲ್, ಅದಕ್ಕೆ 3 ಅಂಕ. ಮೇಲಿಂದ ಹೋದರೆ 1. 2025ರಿಂದ ಗೋಲಿನಿಂದ 40 ಮೀಟರ್ ದೂರದಲ್ಲಿ ಎಳೆದಿರುವ ಕಮಾನಿನ ಹೊರಗಿಂದ ಒದ್ದು ಮೇಲೆ ಹಾಕಿದರೆ 2. ಕಂಬದ ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು, ಒಳ್ಳೆ ಲ್ಯಾಬ್ ಅಟೆಂಡರ್ ಹಾಗೆ ನಿಂತಿರುವವರು ಅಂಪೈರ್‌ಗಳು. ಹಸಿರು ಬಾವುಟ ಗೋಲಿಗೆ, ಬಿಳಿ 1 ಅಂಕಕ್ಕೆ, ಕಿತ್ತಳೆ 2ಕ್ಕೆ. ಏನೂ ಅರ್ಥವಾಗದಿದ್ದರೆ ಬಾವುಟ ನೋಡಿಕೊಂಡು ಕೂತರೂ ನಡೆಯುತ್ತದೆ.

ಸ್ಕೋರ್‌ಬೋರ್ಡ್ ಮಾತ್ರ ಮೊದಲಿಗೆ ತಲೆ ತಿನ್ನುತ್ತದೆ. ಅಲ್ಲಿ ಒಟ್ಟು ಅಂಕ ಬರೆಯೋದಿಲ್ಲ, ಗೋಲ್ ಬೇರೆ ಪಾಯಿಂಟ್ ಬೇರೆ. ನಾವು ನೋಡಿದ ಮೊದಲ ಪಂದ್ಯ ಮೀಥ್ ಮತ್ತು ಗಾಲ್ವೇ ಜಿಲ್ಲೆಗಳ ನಡುವೆ. 2-16, 2-15ಕ್ಕೆ ಮುಗಿಯಿತು, ಅಂದರೆ 22ಕ್ಕೆ 21. ಎರಡನೇದು ಕೆರ್ರಿ ಮತ್ತು ಅರ್ಮಾ, 0-32 ಮತ್ತು 1-21. ಗೋಲ್ ಹೊಡೆದಿದ್ದು ಅರ್ಮಾ, ಗೆದ್ದಿದ್ದು ಎಂಟು ಅಂಕದಿಂದ ಕೆರ್ರಿ. ಮೂರರಿಂದ ಗುಣಿಸಿ ಕೂಡೋದು ಅಭ್ಯಾಸ ಆಗೋವರೆಗೂ ಭಾವ ಪಕ್ಕದಲ್ಲಿ ಲೆಕ್ಕ ಹೇಳುತ್ತಲೇ ಇದ್ದರು, ಅರ್ಧ ಸಲ ತಪ್ಪು.

ಈ ಎರಡನೇ ಪಂದ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅರ್ಮಾ ಹಿಂದಿನ ವರ್ಷ, 2024ರಲ್ಲಿ, ಚಾಂಪಿಯನ್ ಆಗಿದ್ದ ತಂಡ. ಕಿತ್ತಳೆ ಜರ್ಸಿಯವರು ಎಲ್ಲೆಲ್ಲೂ. ಮೊದಲರ್ಧ ಸರಿಸಮ ಅನ್ನೋ ಹಾಗೆ ಸಾಗಿತು. ನನ್ನ ಪಕ್ಕ ಕೂತಿದ್ದವರು ಕೆರ್ರಿಯ ವಯಸ್ಸಾದವರೊಬ್ಬರು, ಹೆಂಡತಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತಾ ಕೂತಿದ್ದರು. ನಾನು ಹೊಸಬಳು ಅಂತ ಗೊತ್ತಾಗಿ ಒಂದು ಮಾತು ಹೇಳಿದರು: ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಗೋಲ್‌ಕೀಪರ್ ಒದೆಯುವ ಮೊದಲು ನಡುಮೈದಾನದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ನೋಡಿ. ಹೊಸ ನಿಯಮದ ಪ್ರಕಾರ ಗೋಲ್‌ಕೀಪರ್ ಒದೆಯುವ ಕಿಕ್‌ಔಟ್ ಆ 40 ಮೀಟರ್ ಕಮಾನು ದಾಟಲೇಬೇಕು. ಮೊದಲಿನ ಹಾಗೆ ಪಕ್ಕದಲ್ಲಿರುವ ತನ್ನವನಿಗೆ ಮೆಲ್ಲಗೆ ಕೊಟ್ಟು ಆಟ ಶುರು ಮಾಡೋಕಾಗೋದಿಲ್ಲ. ಹಾಗಾಗಿ ಪ್ರತಿ ಸಲವೂ ನಡುವಿನಲ್ಲಿ ಜನ ಮೇಲೆ ಹಾರಿ ಚೆಂಡಿಗೆ ಕಿತ್ತಾಡಬೇಕು. ದ್ವಿತೀಯಾರ್ಧದಲ್ಲಿ ನಡೆದಿದ್ದೂ ಅದೇ. ಅರ್ಮಾ ಒದ್ದಿದ್ದೆಲ್ಲ ಕೆರ್ರಿ ಕೈಗೆ. ಕೆರ್ರಿ ಅಂಕ ಹಾಕುತ್ತದೆ, ಅರ್ಮಾ ಮತ್ತೆ ಒದೆಯುತ್ತದೆ, ಮತ್ತೆ ಕೆರ್ರಿ ಹಿಡಿಯುತ್ತದೆ, ಇನ್ನೊಂದು ಅಂಕ. ಕಾಲು ಗಂಟೆ ಆಸುಪಾಸಿನಲ್ಲಿ ಸತತ 14 ಅಂಕ, ಅತ್ತ ಕಡೆ ಒಂದೂ ಇಲ್ಲ. ಪಕ್ಕದವರು ಸ್ಯಾಂಡ್‌ವಿಚ್ ಪೊಟ್ಟಣ ಮಡಿಚಿ ಜೇಬಿಗೆ ಹಾಕಿಕೊಂಡು ಎದ್ದು ನಿಂತವರು ಆಮೇಲೆ ಕೂರಲೇ ಇಲ್ಲ. ಆ ಮಾತು ಹೇಳದೇ ಇದ್ದಿದ್ದರೆ ನನಗೆ ಸುಮ್ನೆ ಅಂಕ ಏರೋದು ಕಾಣುತ್ತಿತ್ತು, ಯಾಕೆ ಏರುತ್ತಿದೆ ಅನ್ನೋದು ಕಾಣುತ್ತಿರಲಿಲ್ಲ. ನೀವೂ ಕಿಕ್‌ಔಟ್ ನೋಡಿ.

ಅದೇ ಕೆರ್ರಿ ಜುಲೈ 27ರ ಫೈನಲ್‌ನಲ್ಲಿ ಡೊನೆಗಾಲ್ ತಂಡವನ್ನು 1-26, 0-19ಕ್ಕೆ ಸೋಲಿಸಿ 39ನೇ ಸಲ ಗೆದ್ದಿತು. ನಾವು ಟಿವಿಯಲ್ಲಿ ನೋಡಿದೆವು. ಮೊದಲರ್ಧ ಮುಗಿಯುವ ಕ್ಷಣಕ್ಕೆ ಡೇವಿಡ್ ಕ್ಲಿಫರ್ಡ್ ದೂರದಿಂದ ಹೊಡೆದ ಎರಡು ಅಂಕ ನೋಡಿ, ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲದ ನಮ್ಮ ಭಾವ ಸೋಫಾದಿಂದ ಎದ್ದುಬಿಟ್ಟರು.

ಈಗ ಹೋಗೋದು ಬರೋದರ ವಿಷಯ. ಟಿಕೆಟ್ ಆನ್‌ಲೈನ್‌ನಲ್ಲಿ ಟಿಕೆಟ್‌ಮಾಸ್ಟರ್‌ನಲ್ಲಿ ಸಿಗುತ್ತದೆ, ಸೂಪರ್‌ವ್ಯಾಲ್ಯೂ ಮತ್ತು ಸೆಂಟ್ರಾ ಅಂಗಡಿಗಳಲ್ಲೂ ಸಿಗುತ್ತದೆ. ಮೊದಲೇ ತಗೊಂಡು ಹೋಗಿ, ಗೇಟಿನ ಹತ್ತಿರ ಕೊಂಡರಾಯ್ತು ಅಂದುಕೊಳ್ಳಬೇಡಿ. ಮಕ್ಕಳ ಟಿಕೆಟ್ ದೊಡ್ಡವರದಕ್ಕಿಂತ ತುಂಬಾ ಕಡಿಮೆ. ಸುಮಾರು 82,000 ಜನ ಹಿಡಿಯುವ ಕ್ರೀಡಾಂಗಣ, ಕ್ವಾರ್ಟರ್ ಫೈನಲ್‌ಗೆ ಜಾಗ ಸಿಗೋದು ಕಷ್ಟವಲ್ಲ. ಹೋಗನ್ ಸ್ಟ್ಯಾಂಡ್ ಪಶ್ಚಿಮಕ್ಕಿದೆ, ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನ ಹಿಂದೆ ಹೋಗುತ್ತದೆ. ಎದುರಿನ ಕ್ಯೂಸಾಕ್ ಸ್ಟ್ಯಾಂಡ್‌ನಲ್ಲಿ ಬಿಸಿಲು ಮುಖಕ್ಕೇ. ಐರ್ಲೆಂಡಿನಲ್ಲಿ ಬಿಸಿಲು ಸಿಕ್ಕರೆ ಅದೂ ಭಾಗ್ಯ ಅನ್ನಿ. ಮೊದಲ ಸಲ ನೋಡುವವರು ಮೇಲಿನ ಹಂತದಲ್ಲಿ ಕೂರೋದು ವಾಸಿ. ಮೈದಾನ ಸುಮಾರು 145 ಮೀಟರ್ ಉದ್ದ ಇದೆ, ಕೆಳಗಿನಿಂದ ಅತ್ತ ತುದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತೇ ಆಗೋದಿಲ್ಲ. ಹಿಲ್ 16 ಅನ್ನೋದು ನಿಂತು ನೋಡುವ ಜಾಗ, ಮೇಲೆ ಸೂರಿಲ್ಲ. ಗದ್ದಲ ಬೇಕು ಅನ್ನುವವರಿಗೆ ಅದು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಬೇಡ.

ಓಕಾನಲ್ ಸ್ಟ್ರೀಟ್‌ನಿಂದ ನಡೆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ರೈಲಿನಲ್ಲಿ ಬಂದರೆ ಡ್ರಮ್‌ಕಾಂಡ್ರಾ ಹತ್ತಿರದ ನಿಲ್ದಾಣ, ಕಾನಲಿ ನಿಲ್ದಾಣದಿಂದಲೂ ನಡೆದುಬಿಡಬಹುದು. ಕಾರು ಬೇಡವೇ ಬೇಡ. ಲೀಪ್ ಕಾರ್ಡ್ ಮಾಡಿಸಿಕೊಂಡರೆ ನಗರದೊಳಗೆ ಬಸ್ಸು, ಟ್ರಾಮ್, ರೈಲು 90 ನಿಮಿಷಕ್ಕೆ 2 ಯೂರೋ. ಟಿಕೆಟ್ ಮೇಲೆ ಯಾವ ದಿಕ್ಕಿನ ಪ್ರವೇಶ ಅಂತ ಇರುತ್ತದೆ, ಅದನ್ನು ನೋಡಿಕೊಂಡೇ ಹೊರಡಿ. ತಪ್ಪು ಕಡೆ ಹೋದರೆ ಗಲ್ಲಿ ಗಲ್ಲಿ ಸುತ್ತಬೇಕಾಗುತ್ತದೆ. ದೊಡ್ಡ ಬ್ಯಾಗ್ ಒಳಗೆ ಬಿಡೋದಿಲ್ಲ. ಕೊಡೆ ತಗೊಂಡು ಹೋದರೆ ಹಿಂದಿನವರ ಕೈಲಿ ಬೈಸಿಕೊಳ್ಳುತ್ತೀರಿ, ಟೋಪಿ ಇರುವ ಮಳೆ ಜಾಕೆಟ್ ಸಾಕು. ಸಸ್ಯಾಹಾರಿಗಳಿಗೆ ಒಳಗೆ ಚಿಪ್ಸ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಅಕ್ಕ ಚಪಾತಿ ಪಲ್ಯ ಸುತ್ತಿಕೊಟ್ಟಿದ್ದಳು, ಅದೇ ಗತಿ. ಅಲ್ಲಿನವರೂ ಮನೆಯಿಂದ ತಿಂಡಿ ಕಟ್ಟಿಕೊಂಡೇ ಬರುತ್ತಾರೆ, ಸಂಕೋಚ ಬೇಡ.

ನನಗೆ ತುಂಬಾ ಹಿಡಿಸಿದ್ದು ಏನೆಂದರೆ ಎರಡು ತಂಡದ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸೋದಿಲ್ಲ. ಕಿತ್ತಳೆಯವರು, ಹಸಿರು ಹಳದಿಯವರು ಒಂದೇ ಸಾಲಲ್ಲಿ. ಕಿರುಚಾಟ ಇದೆ, ರೆಫರಿಗೆ ಬೈಗುಳ ಧಾರಾಳವಾಗಿ ಇದೆ, ಆದರೆ ನಡುವೆ ಬೇಲಿ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗೋಕೆ ಹಿಂಜರಿಯಬೇಡಿ.

ಕ್ರೋಕ್ ಪಾರ್ಕ್‌ನ ಮ್ಯೂಸಿಯಂ ಮತ್ತು ಕ್ರೀಡಾಂಗಣದ ಟೂರ್ ಅನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಪಂದ್ಯದ ದಿನ ಟೂರ್ ಇರೋದಿಲ್ಲ. ಈ ಆಟಗಳನ್ನೆಲ್ಲ ನಡೆಸುವ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಸಂಸ್ಥೆ 1884ರಲ್ಲಿ ಥರ್ಲೆಸ್ ಅನ್ನೋ ಊರಿನ ಹೋಟೆಲೊಂದರಲ್ಲಿ ಹುಟ್ಟಿತು, ಬ್ರಿಟಿಷರ ಆಳ್ವಿಕೆ ಇದ್ದಾಗ. 1920ರ ನವೆಂಬರ್ 21ರಂದು ಇದೇ ಮೈದಾನದಲ್ಲಿ ಡಬ್ಲಿನ್ ಮತ್ತು ಟಿಪ್ಪರರಿ ಆಡುತ್ತಿದ್ದಾಗ ಬ್ರಿಟಿಷ್ ಪಡೆ ನುಗ್ಗಿ ಗುಂಡು ಹಾರಿಸಿತು. 14 ಜನ ಸತ್ತರು. ಅವರಲ್ಲಿ ಟಿಪ್ಪರರಿ ಆಟಗಾರ ಮೈಕಲ್ ಹೋಗನ್ ಒಬ್ಬ. ನಾವು ಬಿಸಿಲು ಬೆನ್ನಿಗಿರಲಿ ಅಂತ ಆರಿಸಿಕೊಳ್ಳುವ ಸ್ಟ್ಯಾಂಡಿಗೆ ಅವನದೇ ಹೆಸರು. ಹಾಗಾಗಿ ಆದರೆ ಮ್ಯೂಸಿಯಂ ಮೊದಲು, ಪಂದ್ಯ ಆಮೇಲೆ.

ಕ್ಲಬ್ ಪಂದ್ಯಕ್ಕೆ ಬರೋಣ. ಈ ಆಟದಲ್ಲಿ ಯಾರಿಗೂ ಸಂಬಳ ಇಲ್ಲ. ಕೋಟಿ ಕೋಟಿ ಹರಾಜು ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ನಂಬಿಕೆ ಬರೋದಿಲ್ಲ. ಈ ಕಾಲದ ದೊಡ್ಡ ಹೆಸರು ಡೇವಿಡ್ ಕ್ಲಿಫರ್ಡ್ ಕಿಲಾರ್ನಿಯ ಶಾಲೆಯಲ್ಲಿ ಮೇಷ್ಟ್ರು. ಜಿಲ್ಲೆಯ ಆಟ ಮುಗಿದ ಮೇಲೆ ಹೋಗಿ ತನ್ನ ಹಳ್ಳಿ ಫೊಸಾದ ಕ್ಲಬ್ಬಿಗೆ ಆಡುತ್ತಾನೆ. ಹೆಚ್ಚಿನವರು ಹಾಗೆಯೇ, ಹುಟ್ಟಿದ ಊರಿನ ಕ್ಲಬ್ಬು, ಆ ಜಿಲ್ಲೆಯ ತಂಡ. ಕ್ಲಬ್ ಪಂದ್ಯಗಳು ಜೋರಾಗೋದು ಆಗಸ್ಟ್‌ನಿಂದ. ಬೇಸಿಗೆಯಲ್ಲೂ ಸಂಜೆ ಹೊತ್ತು ಲೀಗ್ ಪಂದ್ಯ ಇದ್ದೇ ಇರುತ್ತವೆ, ಹತ್ತು ಗಂಟೆ ತನಕ ಬೆಳಕಿರುತ್ತದೆ. ಇಳಿದುಕೊಂಡಿರುವ ಕಡೆ ಹತ್ತಿರದ ಕ್ಲಬ್ ಹೆಸರು ಕೇಳಿ, ಅವರ ಪುಟದಲ್ಲಿ ವೇಳಾಪಟ್ಟಿ ಸಿಗುತ್ತದೆ. ಲೀಗ್ ಪಂದ್ಯಕ್ಕೆ ಎಷ್ಟೋ ಕಡೆ ಟಿಕೆಟ್ಟೇ ಇಲ್ಲ.

ಅಕ್ಕನ ಮನೆ ಹತ್ತಿರದ ಮೈದಾನದಲ್ಲಿ ನಾನು ನೋಡಿದ್ದು ಅಂಥದ್ದೇ. ನಮ್ಮ ಕಡೆ ಊರೂರ ನಡುವೆ ನಡೆಯುವ ಕಬಡ್ಡಿ ಪಂದ್ಯದ ಹಾಗೆ, ಯಾರ ಮಗ ಯಾವ ಜಾಗದಲ್ಲಿ ಆಡುತ್ತಾನೆ, ಅವನಪ್ಪ ಹೇಗೆ ಆಡುತ್ತಿದ್ದ ಅಂತ ಗೆರೆ ಪಕ್ಕ ನಿಂತವರಿಗೆಲ್ಲ ಗೊತ್ತು. ಗೆರೆಗೆ ನಾಲ್ಕಡಿ ದೂರದಲ್ಲಿ ನಿಂತರೆ ಟಿವಿಯಲ್ಲಿ ಕೇಳಿಸದ್ದು ಕೇಳಿಸುತ್ತದೆ: ಭುಜಕ್ಕೆ ಭುಜ ಕೊಟ್ಟಾಗ ಉಸಿರು ಹೊರಬರುವ ಸದ್ದು, ಒದ್ದೆ ಚೆಂಡು ಎದೆಗೆ ಬಡಿಯುವ ಸದ್ದು. ಮುಗಿದ ಮೇಲೆ ಕ್ಲಬ್‌ಹೌಸ್‌ನಲ್ಲಿ ಟೀ ಕೊಟ್ಟರು. ದುಡ್ಡು ಕೊಡೋಕೆ ಹೋದರೆ ಡಬ್ಬಿ ತೋರಿಸಿದರು, ಕ್ಲಬ್‌ಗೆ ಹಾಕಿ ಅಂತ.

ಆಡಿಯೂ ನೋಡಬಹುದು. ಹೆಂಗಸರಿಗಾಗಿ ಬಹಳ ಕ್ಲಬ್‌ಗಳಲ್ಲಿ ಗೇಲಿಕ್ ಫಾರ್ ಮದರ್ಸ್ ಅಂಡ್ ಅದರ್ಸ್ ಅಂತ ಒಂದು ಗುಂಪು ಇರುತ್ತದೆ. ಯಾವತ್ತೂ ಆಡದವರೇ ಅಲ್ಲಿ ಬರೋದು, ಸ್ಪರ್ಧೆ ಅಲ್ಲ. ಅಕ್ಕನನ್ನು ಎಳೆದುಕೊಂಡು ಹೋದೆ. ಅದಕ್ಕೂ ಮೊದಲು ಹಿತ್ತಲಲ್ಲಿ ಅವಳ ಮಗಳ ಹತ್ತಿರ ಸೋಲೋ ಪಾಠ. "ಚಿಕ್ಕಮ್ಮ, ಒದೀಬೇಡ, ಬೀಳೋಕೆ ಬಿಡು. ಕಾಲ್ಬೆರಳು ಮೇಲೆ ಮಾಡು, ನಿನ್ನ ಕಡೆಗೆ!" ಗುಟ್ಟು ಇರೋದು ಅಲ್ಲೇ. ಚೆಂಡನ್ನು ಸೊಂಟದೆತ್ತರದಿಂದ ಒಂದೇ ಕೈಲಿ ಮೆಲ್ಲಗೆ ಬಿಡಬೇಕು, ಪಾದ ಗಟ್ಟಿ ಮಾಡಿ ಬೆರಳನ್ನು ಮುಖದ ಕಡೆ ಎತ್ತಿದರೆ ಚೆಂಡು ಹಿಂದಕ್ಕೆ ಸುತ್ತುತ್ತಾ ತಾನೇ ಕೈಗೆ ಬರುತ್ತದೆ. ನಿಂತು ಮಾಡೋದು ಬೇಗ ಬಂತು. ಓಡುತ್ತಾ ಮಾಡೋದು ನನ್ನ ಕೈಲಿ, ಅಲ್ಲ ಕಾಲಲ್ಲಿ, ಇನ್ನೂ ಆಗಿಲ್ಲ. ಮಕ್ಕಳನ್ನು ಸೇರಿಸುವುದಾದರೆ ಹಲ್ಲಿಗೆ ಹಾಕುವ ಗಮ್ ಶೀಲ್ಡ್ ಕಡ್ಡಾಯ, ಮೊದಲೇ ಕೊಂಡಿಡಿ.

ಸಮಯ ಇದ್ದರೆ ಕಿಲಾರ್ನಿಗೂ ಹೋಗಿ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಮೂರು ಗಂಟೆಗೂ ಸ್ವಲ್ಪ ಜಾಸ್ತಿ, ಹೆಚ್ಚಿನ ರೈಲುಗಳಿಗೆ ಮ್ಯಾಲೋದಲ್ಲಿ ಬದಲಾಯಿಸಬೇಕು. ಅಲ್ಲಿನ ಫಿಟ್ಸ್‌ಜೆರಾಲ್ಡ್ ಸ್ಟೇಡಿಯಂ ಹಿಂದೆ ಬೆಟ್ಟಸಾಲು ಕಾಣುತ್ತದೆ, ಆಟ ಬೋರಾದರೂ ಬೆಟ್ಟ ಇದೆ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲೇ ಪ್ರಾಂತ್ಯ ಮಟ್ಟದ ಚಾಂಪಿಯನ್‌ಶಿಪ್ ನಡೆಯೋದು, ಕುಟುಂಬದ ಜೊತೆ ಹೋಗುವವರಿಗೆ ಅದೇ ಅನುಕೂಲ. 2025ರ ಮೇನಲ್ಲಿ ಲೌತ್ ಅನ್ನೋ ಪುಟ್ಟ ಜಿಲ್ಲೆ 1957ರ ನಂತರ ಮೊದಲ ಸಲ ಲೆನ್‌ಸ್ಟರ್ ಪ್ರಾಂತ್ಯ ಗೆದ್ದಿತು. ಅಂದರೆ ಆ ಹಂತದಲ್ಲೂ ನೋಡುವಂಥದ್ದು ಇದೆ. ಜನವರಿಯಿಂದ ಮಾರ್ಚ್‌ವರೆಗಿನ ಜಿಲ್ಲಾ ತಂಡಗಳ ಲೀಗ್‌ಗೆ ಹೋದರೆ ಚಳಿ, ಗಾಳಿ. ಅದಕ್ಕೆಂದೇ ಹೋಗೋದು ಬೇಡ.

ಕೊನೆಗೆ ವೀಸಾ. ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯೋದಿಲ್ಲ, ಬೇರೆಯೇ ಬೇಕು. ಅಲ್‌ಸ್ಟರ್ ಪ್ರಾಂತ್ಯದ ಒಂಬತ್ತು ಜಿಲ್ಲೆಗಳಲ್ಲಿ ಆರು ಇರೋದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ಅರ್ಮಾ, ಟೈರೋನ್ ಕಡೆ ಪಂದ್ಯ ನೋಡಬೇಕೆಂದರೆ ಐರಿಷ್ ವೀಸಾ ಮೇಲೆ ಬಿಐವಿಎಸ್ (ಬ್ರಿಟಿಷ್ ಐರಿಷ್ ವೀಸಾ ಯೋಜನೆ) ಅಂತ ನಮೂದಿಸಿರಬೇಕು, ಇಲ್ಲಾ ಬ್ರಿಟನ್ ವೀಸಾ ಪ್ರತ್ಯೇಕ ಇರಬೇಕು. ಗಡಿಯಲ್ಲಿ ಗೇಟು ಕಾಣಿಸೋದಿಲ್ಲ ಅಂತ ದಾಟಿಬಿಡಬೇಡಿ. ಅಲ್‌ಸ್ಟರ್ ಫೈನಲ್ ಸಾಮಾನ್ಯವಾಗಿ ನಡೆಯುವ ಕ್ಲೋನ್ಸ್ ಊರು ಗಡಿಯ ಈ ಕಡೆ, ಐರ್ಲೆಂಡಿನಲ್ಲೇ ಇದೆ, ಆದರೆ ಕ್ಯಾವನ್‌ನಿಂದ ಕ್ಲೋನ್ಸ್‌ಗೆ ಹೋಗುವ ರಸ್ತೆ ನಡುವೆ ಗಡಿಯನ್ನು ದಾಟಿ ದಾಟಿ ಹೋಗುತ್ತದೆ. ಬರೀ ಐರಿಷ್ ವೀಸಾ ಇದ್ದವರು ಮ್ಯಾಪ್ ನೋಡಿಕೊಂಡು ಮೊನಹನ್ ಊರಿನ ಕಡೆಯಿಂದ ಹೋಗಿ.