ಗೇಜ್ ಮುಳ್ಳು ಸೊನ್ನೆ ಕೆಳಗಿಳಿದ್ರೆ ಗ್ಯಾಸ್ ಖಾಲಿ ಅಂತಲೇ ಅಲ್ಲ

ಮಂಡ್ಯದಲ್ಲಿ ಒಂದು ಮೆಡಿಕಲ್ ಸ್ಟೋರ್, ಸಿಂಗಲ್ ಡೋರ್ ಫ್ರಿಜ್, ತಣ್ಣಗೆ ಮಾಡೋಕೆ ಒಳಗಿದ್ದಿದ್ದು 134ಎ ಗ್ಯಾಸ್. ಹೋದ್ ವರ್ಷ ಏಪ್ರಿಲ್‌ನಲ್ಲಿ ಆಗಿದ್ದು, ಈಗಲೂ ಆ ಬೀದೀಲಿ ಹೋದ್ರೆ ಎದೆ ಚುರುಕ್ ಅನ್ನುತ್ತೆ.

ತಿಂಗಳ ಹಿಂದೆ ಅದರ ಲೀಕ್ ಬ್ರೇಜ್ ಮಾಡಿ, ಅಂದ್ರೆ ಬೆಸುಗೆ ಹಾಕಿ, ಗ್ಯಾಸ್ ಹಾಕಿದ್ದವನು ನಾನೇ. ಓನರ್ ಫೋನ್ ಮಾಡಿ, "ಕರೆಂಟ್ ಹೋಗಿ ಬಂದ್ಮೇಲೆ ಒಂದೆರಡು ಗಂಟೆ ಚೆನ್ನಾಗಿ ಕೂಲ್ ಆಯ್ತದೆ ಕಣಪ್ಪ, ಆಮೇಲೆ ಏನೂ ಇಲ್ಲ" ಅಂದ್ರು. ಇಡೀ ಕಂಪ್ಲೇಂಟ್ ಆ ಒಂದು ಮಾತಲ್ಲೇ ಇತ್ತು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಗೇಜ್ ಹಾಕಿದೆ. ಓಡ್ತಿರುವಾಗ ಸಕ್ಷನ್, ಅಂದ್ರೆ ಕಂಪ್ರೆಸರ್ ಗ್ಯಾಸ್ ಎಳ್ಕೊಳ್ಳೋ ಕಡೆ ಪ್ರೆಶರ್, 5 ಪಿಎಸ್ಐ ಆಸುಪಾಸು ಇರಬೇಕು, ಮುಳ್ಳು ಸೊನ್ನೆ ದಾಟಿ ವ್ಯಾಕ್ಯೂಮ್ ಕಡೆ ನಿಧಾನಕ್ಕೆ ಜಾರ್ತಿತ್ತು. ನನ್ನ ಬ್ರೇಜಿಂಗೇ ಮತ್ತೆ ಲೀಕ್ ಅಂದ್ಕೊಂಡು ಗ್ಯಾಸ್ ಬಿಡೋಕೆ ವಾಲ್ವ್ ತೆರೆದೆ, ಮುಳ್ಳು 10ಕ್ಕೆ ಹೋಯ್ತು, ಮುಚ್ಚಿದೆ, ಮತ್ತೆ ಸೊನ್ನೆ ಕೆಳಗೆ. ಇನ್ನೊಂದ್ ಸಲ ಬಿಟ್ಟೆ, ಅದೇ ಕಥೆ. ಅಷ್ಟರಲ್ಲಿ ಒಳಗಿನ ಥರ್ಮಾಮೀಟರ್ 14 ಡಿಗ್ರಿ ತೋರಿಸ್ತಿತ್ತು, ಇನ್ಸುಲಿನ್ ಇರಬೇಕಾದ್ದು 2ರಿಂದ 8ರಲ್ಲಿ. ಓನರ್ ಒಂದು ಮಾತೂ ಆಡದೆ ಡಬ್ಬಗಳನ್ನ ಒಂದೊಂದಾಗಿ ಐಸ್ ಬಾಕ್ಸಿಗೆ ತುಂಬ್ತಾ ಇದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ನಮ್ಮ ಸೀನಿಯರ್‌ಗೆ ಫೋನ್ ಹಾಕಿದೆ. "ಕಂಡೆನ್ಸರ್ ಮುಟ್ಟಿ ನೋಡ್ದೇನ್ಲಾ?" ಅಂದ್ರು. ಕಂಡೆನ್ಸರ್ ಅಂದ್ರೆ ಬಿಸಿ ಹೊರಹಾಕೋ ಪೈಪು, ಓಡ್ತಿರುವಾಗ ಬೆಚ್ಚಗಿರಬೇಕು. ಮುಟ್ಟಿದೆ, ತಣ್ಣಗಿತ್ತು. "ಆಫ್ ಮಾಡು, ಮುಳ್ಳು ಎಷ್ಟೊತ್ತಿಗೆ ಮೇಲ್ ಬತ್ತದೆ ನೋಡು." ಐದು ನಿಮಿಷ ಆದ್ರೂ ಅಲ್ಲಾಡಲಿಲ್ಲ. ಗ್ಯಾಸ್ ಕಮ್ಮಿ ಆಗಿದ್ರೆ ಆಫ್ ಮಾಡಿದ ಮೇಲೆ ಎರಡೂ ಕಡೆ ಬೇಗ ಸಮ ಆಗಿ ಕಮ್ಮಿ ಪ್ರೆಶರ್‌ಗೆ ನಿಲ್ಲುತ್ತೆ, ಇಲ್ಲಿ ದಾರಿಯೇ ಮುಚ್ಚಿತ್ತು. ಪಕ್ಕದ ಟೀ ಅಂಗಡಿಯಿಂದ ಬಿಸಿನೀರು ತಂದು, ಬಟ್ಟೆ ಅದ್ದಿ, ಕ್ಯಾಪಿಲರಿ ಅನ್ನೋ ಸಣ್ಣ ತೂತಿನ ಪೈಪು ಫ್ರೀಜರ್‌ಗೆ ಸೇರೋ ಜಾಗಕ್ಕೆ ಇಟ್ಟು ಹಿಡ್ಕೊಂಡೆ. ಅರ್ಧ ನಿಮಿಷಕ್ಕೆ ಸುಯ್ಯ್ ಅಂತ ಸದ್ದು ಬಂತು, ಮುಳ್ಳು ನಡುಗಿ ಮೇಲೇಳ್ತು.

ನೀರು. ಕ್ಯಾಪಿಲರಿ ತುದೀಲಿ ಹೆಪ್ಪುಗಟ್ಟಿ ಚೋಕ್ ಆಗ್ತಿತ್ತು, ಕರೆಂಟ್ ಹೋದಾಗ ಕರಗಿ ದಾರಿ ಬಿಡ್ತಿತ್ತು. ಆ ನೀರು ಒಳಗೆ ಬಿಟ್ಟವನು ನಾನೇ. ಹಿಂದಿನ ಸಲ ತೇವ ಹಿಡಿಯೋ ಡ್ರೈಯರ್ ಸ್ಟಾಕ್ ಇಲ್ಲ ಅಂತ ಹಳೇದನ್ನೇ ಬಿಟ್ಟಿದ್ದೆ, ಪಂಪಲ್ಲಿ ಒಳಗಿನ ಗಾಳಿ, ತೇವ ಎಳೆಯೋ ವ್ಯಾಕ್ಯೂಮ್ ಹತ್ತೇ ನಿಮಿಷಕ್ಕೆ ನಿಲ್ಲಿಸಿದ್ದೆ. ವ್ಯಾಕ್ಯೂಮ್ ಪಾದರಸದ ಲೆಕ್ಕದಲ್ಲಿ 29 ಇಂಚಿಗೆ ಇಳಿದ್ರೆ 25 ಡಿಗ್ರೀಲೇ ನೀರು ಕುದ್ದು ಹೋಗುತ್ತೆ ನಿಜ, ಆದ್ರೆ 134ಎ ಜೊತೆಗಿರೋ ಪಿಒಇ ಅನ್ನೋ ಕಂಪ್ರೆಸರ್ ಆಯಿಲ್ ತೇವ ಹೀರ್ಕೊಂಡು ಕೂತಿರುತ್ತೆ, ಅದನ್ನ ಬಿಡಿಸೋಕೆ ಟೈಮ್ ಬೇಕು. ಮೇಲಿನವರು ದಿನಕ್ಕೆ ಎಂಟು ರಿಪೇರಿ ಕಾಲ್ ಮುಗಿಸಿ ಅಂತಾರೆ, ಇಬ್ಬರಿಗೆ ಒಂದೇ ಪಂಪ್ ಕೊಡ್ತಾರೆ, ವ್ಯಾಕ್ಯೂಮ್‌ಗೆ ಅಂತ ಒಂದ್ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಲ್ಲ. ಇದನ್ನ ಮೀಟಿಂಗಲ್ಲಿ ಎರಡು ಸಲ ಹೇಳಿದೀನಿ, ಮತ್ತೂ ಹೇಳ್ತೀನಿ.

ಅವತ್ತು ಗ್ಯಾಸ್ ಪೂರ್ತಿ ತೆಗೆದು, ಹೊರಗಡೆ ಅಂಗಡೀಲಿ ಸ್ವಂತ ದುಡ್ಡಲ್ಲಿ ಡ್ರೈಯರ್ ತಂದು ಹಾಕಿ, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಮಾಡ್ದೆ. ಪಂಪ್ ಆಫ್ ಮಾಡಿ ಹದಿನೈದು ನಿಮಿಷ ಮುಳ್ಳನ್ನೇ ನೋಡ್ತಾ ಕೂತೆ, ಕದಲಲಿಲ್ಲ. ಫ್ರಿಜ್ ಪ್ಲೇಟ್ ಮೇಲೆ ಬರೆದಷ್ಟೇ ಗ್ರಾಂ ತಕ್ಕಡೀಲಿ ತೂಗಿ ಗ್ಯಾಸ್ ಬಿಟ್ಟೆ. ಸೂಪರ್‌ವೈಸರ್ ಮೂರು ಸಲ ಫೋನ್ ಮಾಡಿದ್ರು, ಎತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಓನರ್ ಥರ್ಮಾಮೀಟರ್ ಫೋಟೋ ಕಳಿಸಿದ್ರು, 5 ಇತ್ತು.